ಗದ್ದಕ್ಕೆ ಪೆಟ್ಟು ಬಿದ್ಮೇಲೆ ಬಾಯಿ ತೆರೆಯೋಕಾಗ್ತಿಲ್ವಾ? ಮನೆ ಆರೈಕೆಯಿಂದ ಸೂಜಿ ವಾಶ್‌ವರೆಗೆ ಏನೇನು ಮಾಡ್ಬಹುದು

ಬೈಕಿಂದ ಬಿದ್ದು ಗದ್ದ ರೋಡಿಗೆ ಹೊಡ್ಕೊಂಡವರು, ಅಡಿಕೆ ಮರದಿಂದ ಜಾರಿದವರು, ಹಾಲು ಕರೆಯುವಾಗ ಹಸು ಒದ್ದು ದವಡೆಗೆ ಏಟು ತಿಂದವರು, ಸ್ಕೂಲ್ ಮೆಟ್ಟಿಲಲ್ಲಿ ಮುಗ್ಗರಿಸಿದ ಮಕ್ಕಳು. ನಾನು ತುಮಕೂರಲ್ಲಿ ಫಿಸಿಯೋಥೆರಪಿಸ್ಟ್, ಇಂಥವರಿಗೆ ಬಾಯಿ ತೆರೆಯೋ ವ್ಯಾಯಾಮ ಮಾಡಿಸೋದು ನನ್ನ ಕೆಲಸ. ಗುಬ್ಬಿ, ಶಿರಾ, ಮಧುಗಿರಿ, ಪಾವಗಡ ಕಡೆಯಿಂದ ಬರೋರಲ್ಲಿ ಸುಮಾರು ಜನ ಪೆಟ್ಟು ಬಿದ್ದು ತಿಂಗಳುಗಟ್ಟಲೆ ಆದ್ಮೇಲೆ ಬರ್ತಾರೆ. ಯಾಕೆ ಇಷ್ಟು ದಿನ ಬಿಟ್ರಿ ಅಂದ್ರೆ, ತಾನಾಗೇ ಸರಿ ಹೋಗುತ್ತೆ ಅಂದ್ಕೊಂಡ್ವಿ ಅಂತಾರೆ, ಇಲ್ಲ ಅಂದ್ರೆ ದವಡೆ ಕುಯ್ಯಬೇಕಾಗುತ್ತೆ ಅಂತ ಯಾರೋ ಹೆದರಿಸಿದ್ರು ಅಂತಾರೆ. ಮಾತ್ರೆಗೂ ದೊಡ್ಡ ಆಪರೇಷನ್ನಿಗೂ ಮಧ್ಯೆ ಸೂಜಿಯಲ್ಲೇ ಮುಗಿಯೋ ಚಿಕಿತ್ಸೆ ಇದೆ ಅನ್ನೋದು ಹೆಚ್ಚಿನವರಿಗೆ ಗೊತ್ತೇ ಇರಲ್ಲ, ಮತ್ತೆ ಅದು ಬೇಗ ಮಾಡಿಸಿದಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅನ್ನೋದೂ ಗೊತ್ತಿರಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ. ನಿಮಗೆ ಯಾವುದು ಬೇಕು ಅಂತ ತೀರ್ಮಾನ ಮಾಡೋದು ನಿಮ್ಮನ್ನ ನೋಡಿದ ಸರ್ಜನ್ನೇ, ಆದ್ರೆ ಅವರ ಮುಂದೆ ಕೂತಾಗ ಏನು ಕೇಳ್ಬೇಕು ಅನ್ನೋದು ನಿಮಗೆ ಗೊತ್ತಿರಲಿ.

ಗದ್ದಕ್ಕೆ ಬಿದ್ದ ಏಟು ಕಿವಿ ಹತ್ರ ಯಾಕೆ ನೋಯುತ್ತೆ

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ, ಬೆರಳ ಕೆಳಗೆ ಒಂದು ಗುಂಡು ಜಾರಿ ಮುಂದೆ ಹೋಗಿ ವಾಪಸ್ ಬರುತ್ತೆ. ಅದೇ ದವಡೆ ಕೀಲು, ಡಾಕ್ಟರು ಟಿಎಂಜೆ ಅಂತಾರೆ. ಬಾಯಿ ಸ್ವಲ್ಪ ತೆರೆದಾಗ ಆ ಗುಂಡು ಇದ್ದಲ್ಲೇ ತಿರುಗುತ್ತೆ, ಪೂರ್ತಿ ತೆರೆದಾಗ ಮುಂದಕ್ಕೆ ಜಾರುತ್ತೆ. ಗುಂಡಿಗೂ ತಲೆಬುರುಡೆಗೂ ಮಧ್ಯೆ ಒಂದು ಮೆತ್ತನೆ ಡಿಸ್ಕ್ ಇದೆ, ಅದರ ಮೇಲೊಂದು ಕೆಳಗೊಂದು ಪುಟ್ಟ ಜಾಗ, ಎರಡರಲ್ಲೂ ಎಣ್ಣೆ ಥರದ ದ್ರವ. ಗದ್ದಕ್ಕೆ ಏಟು ಬಿದ್ರೆ ಆ ಜೋರೆಲ್ಲಾ ದವಡೆ ಮೂಳೆಯಲ್ಲೇ ಸಾಗಿ ಹಿಂದೆ ಈ ಕೀಲಿಗೆ ಹೋಗಿ ಗುದ್ದುತ್ತೆ. ಆಗ ಕೀಲೊಳಗೆ ರಕ್ತ ತುಂಬಬಹುದು, ಡಿಸ್ಕ್ ಮುಂದಕ್ಕೆ ಸರಿಯಬಹುದು, ಹಿಡಿದಿಟ್ಟಿರೋ ನಾರುಗಳು ಹಿಗ್ಗಬಹುದು, ಗುಂಡಿನ ಕುತ್ತಿಗೆಯೇ (ಗುಂಡಿನ ಕೆಳಗಿನ ತೆಳ್ಳಗಿನ ಮೂಳೆ) ಮುರೀಬಹುದು. ಗದ್ದದ ಗಾಯ ಕಣ್ಣಿಗೆ ಕಾಣುತ್ತೆ, ಇದು ಕಾಣಲ್ಲ.

ಮಕ್ಕಳ ವಿಷಯದಲ್ಲಿ ನಾನು ತುಂಬಾ ಗಟ್ಟಿಯಾಗಿ ಹೇಳ್ತೀನಿ. ಏಳೆಂಟು ವರ್ಷದ ಹುಡುಗನ್ನ ಕರ್ಕೊಂಡು ಬಂದಿದ್ದ ಒಬ್ಬ ತಾಯಿ, "ಗದ್ದಕ್ಕೆ ಹೊಲಿಗೆ ಹಾಕ್ಸಿದ್ವಿ ಮೇಡಂ, ಗಾಯ ನೀಟಾಗಿ ವಾಸಿ ಆಯ್ತು, ಈಗ ನೋಡಿದ್ರೆ ಚಮಚ ಹೋಗೋಷ್ಟೂ ಬಾಯಿ ಬಿಡಲ್ಲ" ಅಂದ್ರು. ಹೊಲಿಗೆ ಹಾಕಿದ ದಿನ ಕಿವಿ ಮುಂದೆ ಯಾರೂ ಕೈ ಇಟ್ಟು ನೋಡಿರಲಿಲ್ಲ. ಮಕ್ಕಳಲ್ಲಿ ಕೀಲೊಳಗೆ ಆದ ಗಾಯ ನಿಧಾನಕ್ಕೆ ಮೂಳೆಯಾಗಿ ಬೆಸೆದುಕೊಂಡ್ರೆ ಬಾಯಿ ತೆರೆಯೋದೇ ನಿಲ್ಲುತ್ತೆ, ದವಡೆ ಬೆಳವಣಿಗೆಯೂ ಕುಂಠಿತ ಆಗಿ ಗದ್ದ ಒಳಗೆ ಹೋಗುತ್ತೆ ಇಲ್ಲಾ ಮುಖ ಒಂದು ಕಡೆಗೆ ಸೊಟ್ಟಗಾಗುತ್ತೆ. ಆ ಹಂತಕ್ಕೆ ಹೋದ್ರೆ ಸೂಜಿ ಚಿಕಿತ್ಸೆ ಉಪಯೋಗಕ್ಕೆ ಬರಲ್ಲ, ದೊಡ್ಡ ಆಪರೇಷನ್ನೇ ಬೇಕು. ಆದ್ದರಿಂದ ಮಗುವಿನ ಗದ್ದಕ್ಕೆ ಹೊಲಿಗೆ ಬಿತ್ತು ಅಂದ್ರೆ ಅವತ್ತೇ ಕೇಳಿ, ದವಡೆ ಕೀಲು ನೋಡಿದ್ರಾ ಸರ್, ಒಂದು ಎಕ್ಸ್‌ರೇ ಬೇಕಾ ಅಂತ. ಕೇಳೋಕೆ ನಾಚಿಕೆ ಪಡಬೇಡಿ.

ಮೊದಲ ದಿನ: ಯಾವುದಕ್ಕೆ ಕಾಯಬಾರದು

ಉಸಿರಾಟಕ್ಕೆ ಕಷ್ಟ, ಕಿವಿಯಿಂದ ರಕ್ತ ಅಥವಾ ನೀರು ಬರೋದು, ವಾಂತಿ, ಪ್ರಜ್ಞೆ ತಪ್ಪೋದು, ಹಲ್ಲು ಮೇಲೆ ಕೆಳಗೆ ಮೊದಲಿನ ಥರ ಕೂರದೇ ಇರೋದು, ತೆರೆದ ಬಾಯಿ ಮುಚ್ಚೋಕೇ ಆಗದೇ ಇರೋದು, ಕೆಳತುಟಿ ಜೋಮು ಹಿಡಿದಂಗೆ ಆಗೋದು, ಇದರಲ್ಲಿ ಯಾವುದು ಇದ್ರೂ ನೇರ ಎಮರ್ಜೆನ್ಸಿಗೆ ಹೋಗಿ. ಜಿಲ್ಲಾಸ್ಪತ್ರೆಯಾದ್ರೂ ಸರಿ, ಹತ್ತಿರದ ಮೆಡಿಕಲ್ ಕಾಲೇಜ್ ಆಸ್ಪತ್ರೆಯಾದ್ರೂ ಸರಿ. ರೋಡ್ ಆಕ್ಸಿಡೆಂಟ್ ಆದ್ರೆ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗೋ ಆಸ್ಪತ್ರೆ ದಾಖಲೆ) ಮಾಡ್ತಾರೆ, ಆಗ ದವಡೆ ನೋವನ್ನೂ ಬರೆಸಿ, ಆಮೇಲೆ ಇನ್ಶೂರೆನ್ಸ್ ಕ್ಲೇಮಿಗೆ ಹೋದಾಗ ಮೊದಲ ದಿನದ ಪೇಪರಲ್ಲಿ ದವಡೆ ಹೆಸರೇ ಇಲ್ಲ ಅಂದ್ರೆ ಒದ್ದಾಡಬೇಕಾಗುತ್ತೆ.

ಇನ್ನೊಂದು ಮುಖ್ಯ ವಿಷಯ. ಮಣ್ಣು ಗೊಬ್ಬರ ತಗುಲಿದ ಗಾಯ ಆಗಿ, ಕೆಲವು ದಿನ ಆದ್ಮೇಲೆ ಬಾಯಿ ಬಿಗಿಯೋಕೆ ಶುರುವಾಯ್ತು, ಕುತ್ತಿಗೆ ಬೆನ್ನೂ ಸೆಟೆದುಕೊಳ್ತಿದೆ ಅಂದ್ರೆ ಅದು ಧನುರ್ವಾಯು ಇರಬಹುದು, ಕೀಲಿನ ತೊಂದರೆ ಅಂತ ಮನೇಲಿ ಶಾಖ ಕೊಡ್ತಾ ಕೂರಬೇಡಿ. ಅದು ಜೀವಕ್ಕೇ ಬರೋ ಕಾಯಿಲೆ. ಗಾಯ ಆದ ದಿನವೇ ಧನುರ್ವಾಯು ತಡೆಯೋ ಇಂಜೆಕ್ಷನ್ ಬಗ್ಗೆ ಕೇಳಿ ಹಾಕಿಸ್ಕೊಳ್ಳಿ.

ಹಾಗೇ ಯಾರ ಹತ್ರಾನೂ ದವಡೆ ಎಳೆಸೋದು, ತಿರುಗಿಸೋದು, ಬಿಗಿಯಾಗಿ ಕಟ್ಟು ಕಟ್ಟಿಸೋದು ಮಾಡಬೇಡಿ. ಒಳಗೆ ಮುರಿದಿದೆಯೋ ಇಲ್ವೋ ಎಕ್ಸ್‌ರೇ ಇಲ್ಲದೆ ಗೊತ್ತಾಗಲ್ಲ, ಮುರಿದಿರೋದನ್ನ ಎಳೆದ್ರೆ ಜಾಗ ತಪ್ಪುತ್ತೆ.

ಬಾಯಿ ಎಷ್ಟು ತೆರೆಯುತ್ತೆ ಅಂತ ಅಳೆದು ಬರೆದಿಡಿ

ನಿಮ್ಮದೇ ಕೈಯ ತೋರುಬೆರಳು, ಮಧ್ಯದ ಬೆರಳು, ಉಂಗುರದ ಬೆರಳು ಮೂರನ್ನೂ ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ಮಧ್ಯೆ ತೂರಿಸಿ. ಮೂರೂ ಹೋದ್ರೆ ಬಾಯಿ ತೆರೆಯೋದು ಚೆನ್ನಾಗೇ ಇದೆ. ಎರಡೇ ಹೋಗ್ತಿದೆ ಅಂದ್ರೆ ತೋರಿಸಿ, ಒಂದೇ ಅಂದ್ರೆ ಈ ವಾರವೇ ತೋರಿಸಿ. ಇನ್ನೂ ಸರಿಯಾಗಿ ಬೇಕು ಅಂದ್ರೆ ಮಕ್ಕಳ ಕಾಂಪಾಸ್ ಬಾಕ್ಸಿನ ಸ್ಕೇಲ್ ತೊಳೆದು ಮೇಲಿನ ಮುಂದಿನ ಹಲ್ಲಿನ ತುದಿಯಿಂದ ಕೆಳಗಿನ ಹಲ್ಲಿನ ತುದಿವರೆಗೆ ಅಳೆಯಿರಿ, ದೊಡ್ಡವರಿಗೆ ಸಾಮಾನ್ಯವಾಗಿ 40 ಮಿಲಿಮೀಟರ್ ಸುತ್ತಮುತ್ತ ಇಲ್ಲಾ ಅದಕ್ಕಿಂತ ಜಾಸ್ತಿ ಇರುತ್ತೆ. ಕನ್ನಡಿ ಮುಂದೆ ನಿಂತು ತೆರೆಯುವಾಗ ಗದ್ದ ಯಾವ ಕಡೆ ವಾಲುತ್ತೆ ನೋಡಿ, ಸಾಮಾನ್ಯವಾಗಿ ಪೆಟ್ಟಾದ ಕಡೆಗೇ ವಾಲುತ್ತೆ. ಟಕ್ ಅಂತ ಸದ್ದು ಬರುತ್ತಾ, ಮೊದಲು ಸದ್ದು ಬರ್ತಿದ್ದು ಈಗ ಸದ್ದು ನಿಂತು ಬಾಯೇ ತೆರೆಯದಂಗೆ ಆಗಿದೆಯಾ, ಅದನ್ನೂ ಬರೆದುಕೊಳ್ಳಿ. ಈ ಎರಡನೇದು ಬಹಳ ಮುಖ್ಯ, ಯಾಕಂದ್ರೆ ಸದ್ದು ನಿಂತಿದ್ದಕ್ಕೆ ಜನ ಖುಷಿ ಪಡ್ತಾರೆ, ನಿಜವಾಗಿ ಅಲ್ಲಿ ಸರಿದ ಡಿಸ್ಕ್ ವಾಪಸ್ ಜಾಗಕ್ಕೆ ಬರೋದೇ ನಿಂತಿರುತ್ತೆ. ಸದ್ದು ಮಾತ್ರ ಇದೆ, ನೋವಿಲ್ಲ, ಬಾಯಿ ಪೂರ್ತಿ ತೆರೆಯುತ್ತೆ ಅಂದ್ರೆ ಅದಕ್ಕೆ ಚಿಕಿತ್ಸೆ ಬೇಕಾಗೋದು ಕಡಿಮೆ.

ಯಾರಿಗೆ ತೋರಿಸೋದು, ಯಾವ ಸ್ಕ್ಯಾನ್

ತೋರಿಸಬೇಕಾದ್ದು ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜನ್‌ಗೆ, ಅಂದ್ರೆ ಡೆಂಟಲ್ ಓದಿ ಆಮೇಲೆ ಮುಖ ದವಡೆ ಆಪರೇಷನ್ನಲ್ಲಿ ಎಂಡಿಎಸ್ ಮಾಡಿರೋರು. ಇವರು ಡೆಂಟಲ್ ಕಾಲೇಜುಗಳಲ್ಲಿ ಸಿಗ್ತಾರೆ. ತುಮಕೂರಲ್ಲಿ ಅಗಳಕೋಟೆಯ ಶ್ರೀ ಸಿದ್ಧಾರ್ಥ ಡೆಂಟಲ್ ಕಾಲೇಜ್ ಇದೆ, ಕೋಲಾರ ಕಡೆಯವರಿಗೆ ಕೆಜಿಎಫ್‌ನಲ್ಲಿ ಡೆಂಟಲ್ ಕಾಲೇಜ್ ಇದೆ, ಚಿಕ್ಕಬಳ್ಳಾಪುರ ಗೌರಿಬಿದನೂರು ಕಡೆಯವರು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಹತ್ರದ ಸರ್ಕಾರಿ ಡೆಂಟಲ್ ಕಾಲೇಜಿಗೆ ಹೋಗಬಹುದು. ಹೋಗೋಕೆ ಮುಂಚೆ ಫೋನ್ ಮಾಡಿ ಆರ್ಥ್ರೋಸೆಂಟೆಸಿಸ್ (ಸೂಜಿಯಿಂದ ಕೀಲು ತೊಳೆಯೋದು) ಮಾಡ್ತೀರಾ ಅಂತ ಕೇಳ್ಕೊಳ್ಳಿ, ಈ ಒಂದು ಪದ ನೆನಪಿಟ್ಕೊಂಡ್ರೆ ಸಾಕು.

ಮೊದಲು ಓಪಿಜಿ ಅಂತ ಒಂದು ಎಕ್ಸ್‌ರೇ ತೆಗೀತಾರೆ, ಮಷೀನ್ ತಲೆ ಸುತ್ತ ತಿರುಗಿ ಎರಡೂ ದವಡೆ ಒಂದೇ ಫೋಟೋದಲ್ಲಿ ಬರುತ್ತೆ. ಮೂಳೆ ಮುರಿದಿರೋ ಅನುಮಾನ ಇದ್ರೆ ಸಿಟಿ. ಡಿಸ್ಕ್ ನೋಡಬೇಕು ಅಂದ್ರೆ ಎಂಆರ್‌ಐನೇ ಬೇಕು, ಓಪಿಜಿ ನಾರ್ಮಲ್ ಬಂತು ಅಂದ ತಕ್ಷಣ ಡಿಸ್ಕ್ ಚೆನ್ನಾಗಿದೆ ಅಂತ ಅರ್ಥ ಅಲ್ಲ, ಯಾಕಂದ್ರೆ ಅದರಲ್ಲಿ ಡಿಸ್ಕ್ ಕಾಣಲ್ಲ. ಹಾಗಂತ ಎಲ್ಲರಿಗೂ ಮೊದಲ ದಿನವೇ ಎಂಆರ್‌ಐ ಬೇಕಿಲ್ಲ.

ನಮ್ಮ ಜಿಲ್ಲೆಗೆ ಸಂಬಂಧಪಟ್ಟ ಒಂದು ಮಾತು ಇಲ್ಲಿ ಹೇಳಲೇಬೇಕು. ಅಡಿಕೆ, ಗುಟ್ಕಾ, ಪಾನ್ ಮಸಾಲ ವರ್ಷಗಟ್ಟಲೆ ಅಗಿದವರಿಗೆ ಕೆನ್ನೆ ಒಳಗಿನ ಚರ್ಮ ಬೆಳ್ಳಗಾಗಿ ಹಗ್ಗದಂಗೆ ಬಿಗಿದು ಬಾಯಿ ತೆರೆಯೋದು ಕಡಿಮೆ ಆಗುತ್ತೆ, ಖಾರ ತಿಂದ್ರೆ ಉರಿ ಬರುತ್ತೆ. ಪೆಟ್ಟು ಬಿದ್ದಿದ್ದು ನೆಪ ಆಗಿ ಎಲ್ಲಾ ಅದರ ಮೇಲೆ ಹಾಕ್ತೀವಿ, ನಿಜವಾದ ಕಾರಣ ಕೆನ್ನೆಯಲ್ಲಿರುತ್ತೆ. ಅದರ ಚಿಕಿತ್ಸೆಯೇ ಬೇರೆ, ಅದು ಕ್ಯಾನ್ಸರ್‌ಗೂ ತಿರುಗಬಹುದು. ಡಾಕ್ಟರ್ ಮುಂದೆ ಅಭ್ಯಾಸ ಮುಚ್ಚಿಡಬೇಡಿ. ಬುದ್ಧಿಹಲ್ಲಿನ ಸೋಂಕಿಂದಲೂ ಬಾಯಿ ಹಿಡ್ಕೊಳ್ಳುತ್ತೆ, ಅದನ್ನೂ ನೋಡ್ತಾರೆ.

ಮೊದಲ ಕೆಲವು ವಾರ: ಸೂಜಿ ಇಲ್ಲದೆ

ಮೂಳೆ ಮುರಿದಿಲ್ಲ ಅಂತ ಗೊತ್ತಾದ್ಮೇಲೆ ಹೆಚ್ಚಿನವರಿಗೆ ಇಷ್ಟರಲ್ಲೇ ವಾಸಿ ಆಗುತ್ತೆ. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಒಂದು ಸಲಕ್ಕೆ ಹತ್ತು ನಿಮಿಷ. ಆಮೇಲೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಶಾಖ. ನೋವಿನ ಮಾತ್ರೆ ಡಾಕ್ಟರ್ ಹೇಳಿದ್ದೇ ತಗೊಳ್ಳಿ, ಹೊಟ್ಟೆ ಹುಣ್ಣು ಕಿಡ್ನಿ ತೊಂದರೆ ಇರೋರು, ಬಸುರಿಯರು, ಜ್ವರ ಬಂದು ಡೆಂಗಿ ಅನುಮಾನ ಇರೋರು ಮೆಡಿಕಲ್ ಶಾಪಲ್ಲಿ ಕೇಳಿ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಬೇಡಿ. ರಾತ್ರಿ ಹಲ್ಲು ಕಡಿಯೋ ಅಭ್ಯಾಸ ಇದ್ರೆ ಹಲ್ಲಿನ ಅಳತೆ ತಗೊಂಡು ಸ್ಪ್ಲಿಂಟ್ (ಹಲ್ಲಿನ ಮೇಲೆ ಕೂರೋ ಕವಚ) ಮಾಡಿಕೊಡ್ತಾರೆ, ಮಲಗುವಾಗ ಹಾಕ್ಕೊಳ್ಳೋದು.

ಊಟದ ವಿಷಯ. ಮೆತ್ತಗಿನ ಊಟ ಅಂದ್ರೆ ಎಲ್ಲರೂ ಬ್ರೆಡ್ಡು ಹಾಲು ಅಂದ್ಕೊಂಡು ಎರಡು ವಾರದಲ್ಲಿ ಸೊರಗಿ ಹೋಗ್ತಾರೆ. ನಮ್ಮ ರಾಗಿ ಮುದ್ದೆಗಿಂತ ಒಳ್ಳೇದು ಯಾವುದಿದೆ, ಅಗಿಯೋ ಹಾಗೇ ಇಲ್ಲ, ನುಂಗೋದೇ. ಒಂದೇ ಎಚ್ಚರಿಕೆ, ತುತ್ತು ಗೋಲಿಯಷ್ಟು ಸಣ್ಣದು ಮಾಡಿ, ಮಾಮೂಲಿ ತುತ್ತಿಗೆ ಬಾಯಿ ದೊಡ್ಡದಾಗಿ ತೆರೀಬೇಕಾಗುತ್ತೆ. ಜೊತೆಗೆ ಬಸ್ಸಾರು, ಚೆನ್ನಾಗಿ ಬೆಂದ ಹಿತಕಬೇಳೆ ಸಾರು, ಮೊಸರನ್ನ, ರಾಗಿ ಅಂಬಲಿ, ಮೊಟ್ಟೆ ಬುರ್ಜಿ, ಇಡ್ಲಿ. ಬೇಡದ್ದು ಅಂದ್ರೆ ಚಕ್ಕುಲಿ, ಕೋಡುಬಳೆ, ಕಡ್ಲೆಬೀಜ, ಕಬ್ಬು, ಸುಟ್ಟ ಜೋಳದ ತೆನೆ, ಮಟನ್ ಮೂಳೆ, ಚೂಯಿಂಗ್ ಗಮ್, ಅಡಿಕೆ. ಸೀಬೆಹಣ್ಣು ಕಚ್ಚಿ ತಿನ್ನೋ ಬದಲು ಹೆಚ್ಚಿ ತಿನ್ನಿ. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಒತ್ತಿ ಹಿಡೀರಿ, ಬಾಯಿ ಪೂರ್ತಿ ಅಗಲ ಆಗದಂಗೆ.

ಸುಮ್ಮನೆ ಇದ್ದಾಗ ತುಟಿ ಮುಚ್ಚಿರಲಿ, ಹಲ್ಲು ಒಂದಕ್ಕೊಂದು ತಾಗದೇ ಇರಲಿ, ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ ಇರಲಿ. ಸಣ್ಣ ವಿಷಯ ಅನ್ಸುತ್ತೆ, ಆದ್ರೆ ನೋವಿರೋರು ಗೊತ್ತಿಲ್ಲದೆ ಇಡೀ ದಿನ ಹಲ್ಲು ಕಚ್ಚಿಕೊಂಡೇ ಇರ್ತಾರೆ.

ಗುಂಡಿನ ಕುತ್ತಿಗೆ ಮುರಿದಿದ್ರೂ ಮೂಳೆ ಹೆಚ್ಚು ಸರಿದಿಲ್ಲ, ಹಲ್ಲು ಸರಿಯಾಗಿ ಕೂರುತ್ತೆ ಅಂದ್ರೆ ಕುಯ್ಯದೇ ವಾಸಿ ಮಾಡೋದುಂಟು, ಹಲ್ಲಿಗೆ ತಂತಿ ಕಟ್ಟಿ ರಬ್ಬರ್ ಹಾಕಿ ಸ್ವಲ್ಪ ದಿನ ಹಿಡಿದಿಟ್ಟು ಬೇಗ ಬಿಚ್ಚಿ ವ್ಯಾಯಾಮ ಶುರು ಮಾಡಿಸ್ತಾರೆ. ಮಕ್ಕಳಿಗಂತೂ ತಂತಿ ಕಟ್ಟೋದೇ ಕಡಿಮೆ, ಕಟ್ಟಿದ್ರೂ ಬಹಳ ಕಮ್ಮಿ ದಿನ, ಯಾಕಂದ್ರೆ ಅಲುಗಾಡದ ಕೀಲು ಬೆಸೆದುಕೊಳ್ಳುತ್ತೆ.

ಸೂಜಿ ವಾಶ್, ಅಂದ್ರೆ ಆರ್ಥ್ರೋಸೆಂಟೆಸಿಸ್

ಇಷ್ಟೆಲ್ಲಾ ಮಾಡಿದ್ರೂ ಬಾಯಿ ತೆರೆಯೋದು ಕಮ್ಮೀನೇ ಇದೆ, ಕಿವಿ ಮುಂದೆ ನೋವು ಹೋಗ್ತಿಲ್ಲ ಅಂದಾಗ ಇದರ ಸರದಿ. 1991ರಲ್ಲಿ ನಿಟ್ಜಾನ್, ಡಾಲ್ವಿಕ್, ಮಾರ್ಟಿನೆಜ್ ಅನ್ನೋ ಮೂವರು ಇದನ್ನ ವಿವರವಾಗಿ ಬರೆದ್ರು, ಬಾಯಿ ಲಾಕ್ ಆದವರಿಗೆ ಕೀಲಿನ ಮೇಲಿನ ಜಾಗ ತೊಳೆದ್ರೆ ಸಾಕು, ತೆರೆಯುತ್ತೆ ಅಂತ. ಎರಡು ಒದ್ದೆ ಸ್ಟೀಲ್ ತಟ್ಟೆ ಒಂದರೊಳಗೊಂದು ಅಂಟಿಕೊಂಡ್ರೆ ಎಷ್ಟು ಎಳೆದ್ರೂ ಬರಲ್ಲ, ಅಂಚಲ್ಲಿ ಸ್ವಲ್ಪ ನೀರು ಬಿಟ್ರೆ ಸಲೀಸಾಗಿ ಬಿಟ್ಕೊಳ್ಳುತ್ತಲ್ಲ, ಡಿಸ್ಕ್ ಮೇಲಿನ ಮೂಳೆಗೆ ಅಂಟಿಕೊಂಡಾಗಲೂ ಅದೇ ಕಥೆ. ಜೊತೆಗೆ ಪೆಟ್ಟಿಂದ ಒಳಗೆ ಉಳಿದ ರಕ್ತದ ಚೂರು, ನೋವು ಊತ ಮಾಡೋ ರಾಸಾಯನಿಕಗಳು ಎಲ್ಲಾ ತೊಳೆದು ಹೋಗುತ್ತೆ.

ಹೆಂಗೆ ಮಾಡ್ತಾರೆ ಅಂತ ಗೊತ್ತಿದ್ರೆ ಭಯ ಅರ್ಧ ಕಮ್ಮಿ ಆಗುತ್ತೆ, ಅದಕ್ಕೆ ಬಿಡಿಸಿ ಹೇಳ್ತೀನಿ. ಮುಖ ಒಂದು ಕಡೆ ತಿರುಗಿಸಿ ಮಲಗಿಸ್ತಾರೆ, ಕಿವಿಯೊಳಗೆ ನೀರು ಹೋಗದಂಗೆ ಹತ್ತಿ ಇಡ್ತಾರೆ. ಕಿವಿಯ ಮುಂದಿನ ಉಬ್ಬಿಂದ ಕಣ್ಣಿನ ಹೊರ ತುದಿಗೆ ಮಾರ್ಕರ್ ಪೆನ್ನಲ್ಲಿ ಒಂದು ಗೆರೆ ಎಳೀತಾರೆ. ಆ ಗೆರೆಯುದ್ದಕ್ಕೆ ಅಳೆದು ಕಿವಿಯ ಆ ಉಬ್ಬಿಂದ 10 ಮಿಲಿಮೀಟರ್ ಮುಂದೆ, ಗೆರೆಗಿಂತ 2 ಮಿಲಿಮೀಟರ್ ಕೆಳಗೆ ಒಂದು ಚುಕ್ಕೆ, 20 ಮಿಲಿಮೀಟರ್ ಮುಂದೆ, 10 ಮಿಲಿಮೀಟರ್ ಕೆಳಗೆ ಇನ್ನೊಂದು ಚುಕ್ಕೆ. ಆ ಜಾಗ ಮರಗಟ್ಟೋ ಇಂಜೆಕ್ಷನ್ ಕೊಡ್ತಾರೆ, ಚುಚ್ಚೋದು ಅಷ್ಟೇ ನೋವು. ಆಮೇಲೆ ಮೊದಲ ಚುಕ್ಕೆಯಲ್ಲಿ ಒಂದು ಸೂಜಿ, ಎರಡನೇದರಲ್ಲಿ ಇನ್ನೊಂದು. ಒಂದರಲ್ಲಿ ರಿಂಗರ್ ಲ್ಯಾಕ್ಟೇಟ್ ಅಥವಾ ಸಲೈನ್ ಒಳಗೆ ಬಿಡ್ತಾರೆ, ಇನ್ನೊಂದರಲ್ಲಿ ಅದು ಹೊರಗೆ ಬರುತ್ತೆ, ಮೊದಮೊದಲು ಕೆಂಪಗೆ ಇಲ್ಲಾ ಮಬ್ಬಾಗಿ ಬಂದ ನೀರು ಆಮೇಲೆ ತಿಳಿಯಾಗುತ್ತೆ. ಒಟ್ಟು 100ರಿಂದ 300 ಮಿಲಿ ಹೋಗುತ್ತೆ. ಮಧ್ಯೆ ಮಧ್ಯೆ ಡಾಕ್ಟರು ಬಾಯಿ ತೆರೆಸಿ ದವಡೆ ಆಡಿಸ್ತಾರೆ. ಕೆಲವು ಕಡೆ ಒಂದೇ ಸೂಜಿಯಲ್ಲೂ ಮಾಡ್ತಾರೆ. ಒಂದು ಗಂಟೆ ಒಳಗೆ ಮುಗಿಯುತ್ತೆ, ಹೊಲಿಗೆ ಇಲ್ಲ, ಮುಖದ ಮೇಲೆ ಕಲೆ ಉಳಿಯಲ್ಲ, ಹೆಚ್ಚಿನವರು ಅವತ್ತೇ ಮನೆಗೆ ಹೋಗ್ತಾರೆ. ಮಕ್ಕಳು, ತುಂಬಾ ಭಯ ಇರೋರಿಗೆ ಮಾತ್ರ ಪೂರ್ತಿ ಅನಸ್ತೇಶಿಯಾ ಕೊಡಬಹುದು.

ಮುಗಿದ ತಕ್ಷಣ ಕೆನ್ನೆ ಊದಿರುತ್ತೆ, ನೀರು ಅಕ್ಕಪಕ್ಕ ಇಳಿದಿರೋದು, ಒಂದೆರಡು ದಿನಕ್ಕೆ ಇಳಿಯುತ್ತೆ. ಕೆಲವರಿಗೆ ಆ ಕಡೆಯ ಕಣ್ಣುರೆಪ್ಪೆ ಮುಚ್ಚಲ್ಲ, ಹಣೆ ಸುಕ್ಕಾಗಲ್ಲ, ಮನೆಯವರು ಲಕ್ವಾ ಹೊಡೀತು ಅಂತ ಅಳೋಕೆ ಶುರು ಮಾಡ್ತಾರೆ. ಮರಗಟ್ಟೋ ಔಷಧಿ ಮುಖದ ನರಕ್ಕೆ ತಾಗಿದ್ರೆ ಹಿಂಗಾಗುತ್ತೆ, ಕೆಲವು ಗಂಟೆಯಲ್ಲಿ ಸರಿ ಹೋಗುತ್ತೆ, ಅಲ್ಲಿವರೆಗೆ ಕಣ್ಣಿಗೆ ಧೂಳು ಬೀಳದಂಗೆ ನೋಡ್ಕೊಳ್ಳಿ, ಬೈಕಲ್ಲಿ ಕೂರಿಸ್ಕೊಂಡು ಹೋಗಬೇಡಿ. ಮಾರನೇ ದಿನವೂ ಹಾಗೇ ಇದ್ರೆ, ಜ್ವರ ಬಂದ್ರೆ, ಊತ ಕೆಂಪಾಗಿ ಜಾಸ್ತಿ ಆಗ್ತಿದ್ರೆ, ಕಿವಿ ಕೇಳಿಸೋದು ಕಮ್ಮಿ ಆದ್ರೆ ವಾಪಸ್ ಹೋಗಿ. ಮಾಡಿಸೋಕೆ ಮುಂಚೆನೇ ರಕ್ತ ತೆಳು ಮಾಡೋ ಮಾತ್ರೆ, ಶುಗರ್, ಯಾವುದಾದ್ರೂ ಔಷಧಿ ಅಲರ್ಜಿ ಇದ್ರೆ ಹೇಳಿ, ಮಾತ್ರೆ ನೀವೇ ನಿಲ್ಲಿಸಬೇಡಿ.

ತೊಳೆದಾದ್ಮೇಲೆ ಕೊನೆಗೆ ಕೀಲೊಳಗೆ ಏನಾದ್ರೂ ಬಿಡಬಹುದು. ಹಯಲುರಾನಿಕ್ ಆಸಿಡ್ ಅಂತ ಜಾರಿಕೆಗೆ, ನಿಮ್ಮದೇ ರಕ್ತದಿಂದ ಬೇರ್ಪಡಿಸಿದ ಪಿಆರ್‌ಪಿ, ಇಲ್ಲಾ ಸ್ಟಿರಾಯ್ಡ್. ಸ್ಟಿರಾಯ್ಡ್ ಪದೇ ಪದೇ ಹಾಕ್ಸಿದ್ರೆ ಕೀಲಿನ ಮೃದ್ವಸ್ಥಿಗೆ ಹಾನಿ ಆಗುತ್ತೆ, ಎಷ್ಟನೇ ಸಲ ಅಂತ ಕೇಳಿ. ಉಳಿದ ಎರಡಕ್ಕೆ ಹೆಚ್ಚಿನ ದುಡ್ಡಾಗುತ್ತೆ. ಕೈಯಲ್ಲಿ ಕಾಸಿಲ್ಲದವರು ಬರೀ ವಾಶ್ ಮಾಡಿಸಿದ್ರೂ ನಷ್ಟ ಇಲ್ಲ ಅನ್ನೋದು ನನ್ನ ಅಭಿಪ್ರಾಯ, ಆಮೇಲಿನ ವ್ಯಾಯಾಮ ಬಿಡಬಾರದು ಅಷ್ಟೇ.

ದುರ್ಬೀನು ಹಾಕೋದು, ಜಾರೋ ದವಡೆ

ವಾಶ್‌ನಿಂದ ಸರಿ ಹೋಗದವರಿಗೆ ಆರ್ಥ್ರೋಸ್ಕೋಪಿ, ಸುಮಾರು 2 ಮಿಲಿಮೀಟರ್ ದಪ್ಪದ ಕ್ಯಾಮೆರಾ ಕೊಳವೆ ಕೀಲೊಳಗೆ ಹಾಕಿ ನೋಡ್ಕೊಂಡೇ ಅಂಟು ಬಿಡಿಸೋದು. ಜಪಾನಿನ ಒನಿಶಿ 1975ರಲ್ಲಿ ದವಡೆ ಕೀಲಿಗೆ ಇದನ್ನ ಮೊದಲು ವರದಿ ಮಾಡಿದ್ರು. ಇದಕ್ಕೆ ಸಾಮಾನ್ಯವಾಗಿ ಪೂರ್ತಿ ಅನಸ್ತೇಶಿಯಾ, ವಿಶೇಷ ಉಪಕರಣ, ಅನುಭವ ಎಲ್ಲಾ ಬೇಕು, ಹಾಗಾಗಿ ಬೆಂಗಳೂರಿಗೆ ಹೋಗಬೇಕಾಗಬಹುದು.

ಪೆಟ್ಟಾದ್ಮೇಲೆ ಕೆಲವರಿಗೆ ಉಲ್ಟಾ ತೊಂದರೆ, ಆಕಳಿಸಿದ್ರೆ ದವಡೆ ಜಾರಿ ಬಾಯಿ ಮುಚ್ಚೋಕೇ ಆಗಲ್ಲ. ಆಗ ಡಾಕ್ಟರು ಬಾಯೊಳಗೆ ಹೆಬ್ಬೆರಳಿಟ್ಟು ದವಡೆಯನ್ನ ಕೆಳಗೆ ಒತ್ತಿ ಹಿಂದಕ್ಕೆ ತಳ್ಳಿ ಕೂರಿಸ್ತಾರೆ. ಪದೇ ಪದೇ ಜಾರ್ತಿದ್ರೆ ನಿಮ್ಮ ಕೈಯಿಂದಲೇ ರಕ್ತ ತೆಗೆದು ಕೀಲೊಳಗೂ ಸುತ್ತಲೂ ಸ್ವಲ್ಪ ಚುಚ್ಚೋ ಚಿಕಿತ್ಸೆ ಇದೆ, ಆಮೇಲೆ ಕೆಲವು ವಾರ ಬಾಯಿ ಹೆಚ್ಚು ತೆರೆಯದಂಗೆ ಕಟ್ಟಿಡ್ತಾರೆ. ಇಲ್ಲೂ ಕುಯ್ಯೋದಿಲ್ಲ.

ಆಮೇಲಿನ ವ್ಯಾಯಾಮ, ಇದೇ ಅರ್ಧ ಚಿಕಿತ್ಸೆ

ಸೂಜಿ ಹಾಕಿಸ್ಕೊಂಡು ಹೋಗಿ ನೋವು ಕಮ್ಮಿ ಆಯ್ತು ಅಂತ ಸುಮ್ಮನೆ ಕೂತ್ರೆ ಮತ್ತೆ ಬಿಗಿಯುತ್ತೆ. ಡಾಕ್ಟರ್ ಬೇರೆ ಹೇಳದೇ ಇದ್ರೆ ಮಾರನೇ ದಿನದಿಂದಲೇ ಶುರು. ಹತ್ತು ನಿಮಿಷ ಬಿಸಿ ಟವೆಲ್ ಶಾಖ ಕೊಟ್ಟು ಕನ್ನಡಿ ಮುಂದೆ ಕೂತು, ನಾಲಿಗೆ ತುದಿ ಅಂಗುಳಕ್ಕೆ ತಾಗಿಸಿ, ಒಂದು ಬೆರಳು ಕಿವಿ ಮುಂದೆ, ಒಂದು ಬೆರಳು ಗದ್ದಕ್ಕೆ ಇಟ್ಟು ನಿಧಾನಕ್ಕೆ ಬಾಯಿ ತೆರೀರಿ, ಗದ್ದ ಪಕ್ಕಕ್ಕೆ ವಾಲದೇ ನೇರ ಇಳೀಬೇಕು. ಆರು ಸಲ, ದಿನಕ್ಕೆ ಆರು ಹೊತ್ತು.

ಬಾಯಿ ಅಗಲ ಮಾಡೋಕೆ ನಾನು ಐಸ್‌ಕ್ರೀಮ್ ಕಡ್ಡಿ ಕೊಡ್ತೀನಿ, ಮೆಡಿಕಲ್ ಶಾಪಲ್ಲಿ ನಾಲಿಗೆ ಒತ್ತೋ ಮರದ ಕಡ್ಡಿಯೂ ಸಿಗುತ್ತೆ. ನಿಮ್ಮ ಬಾಯಿಗೆ ಹಿಡಿಯೋಷ್ಟು ಕಡ್ಡಿ ಒಂದರ ಮೇಲೊಂದು ಜೋಡಿಸಿ ಮೇಲಿನ ಕೆಳಗಿನ ಹಲ್ಲಿನ ಮಧ್ಯೆ ಇಟ್ಟು ಅರ್ಧ ನಿಮಿಷ ಉಸಿರಾಡಿ, ಆಮೇಲೆ ಮಧ್ಯಕ್ಕೆ ಇನ್ನೊಂದು ಕಡ್ಡಿ ತೂರಿಸೋಕೆ ನೋಡಿ. ಎಳೆತ ಬರಬೇಕು, ಕಣ್ಣಲ್ಲಿ ನೀರು ಬರೋ ನೋವು ಬರಬಾರದು. ಎಷ್ಟು ಕಡ್ಡಿ ಹಿಡೀತು ಅಂತ ಕ್ಯಾಲೆಂಡರ್ ಮೇಲೆ ಬರೀರಿ. ಒಂದು ಕಡ್ಡಿ ಜಾಸ್ತಿ ಆದ ದಿನ ಮನೆಯವರು ಮೆಚ್ಚಿಕೊಂಡ್ರೆ ಮಕ್ಕಳು ತಾವಾಗೇ ಮಾಡ್ತಾರೆ. ಮುಂದಿನ ಹಲ್ಲು ಅಲ್ಲಾಡ್ತಿದ್ರೆ ಅದರ ಮೇಲೆ ಕಡ್ಡಿ ಬೇಡ, ಪಕ್ಕದ ಹಲ್ಲಿಗೆ ಹೆಂಗೆ ಇಡೋದು ಅಂತ ನಿಮ್ಮ ಫಿಸಿಯೋ ಹತ್ರ ಕೇಳಿ. ಇಬ್ಬರು ಹಿಡ್ಕೊಂಡು ಬಲವಂತವಾಗಿ ತೆರೆಸೋದು ಮಾಡಲೇಬೇಡಿ.

ದುಡ್ಡು, ಪೇಪರ್

ಸರ್ಕಾರಿ ಡೆಂಟಲ್ ಕಾಲೇಜಲ್ಲಿ ಖರ್ಚು ಕಮ್ಮಿ. ಬಿಪಿಎಲ್ ಕಾರ್ಡ್ ಇರೋರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಇದು ಬರುತ್ತಾ, ರೆಫರಲ್ ಲೆಟರ್ ಬೇಕಾ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರ ಕೌಂಟರಲ್ಲಿ ಮೊದಲೇ ಕೇಳಿ, ಚಿಕಿತ್ಸೆ ಆದ್ಮೇಲೆ ಕೇಳಿದ್ರೆ ಪ್ರಯೋಜನ ಇಲ್ಲ. ಹಳೇ ಎಕ್ಸ್‌ರೇ, ಸ್ಕ್ಯಾನ್ ಸಿಡಿ, ನೀವು ಅಳೆದು ಬರೆದ ಪುಸ್ತಕ ಒಂದೇ ಕವರಲ್ಲಿಟ್ಟು ತಗೊಂಡು ಹೋಗಿ.

ಡಾಕ್ಟರ್ ಹತ್ರ ಕೇಳಬೇಕಾದ್ದು ಇಷ್ಟು: ನನ್ನದು ಮೂಳೆ ತೊಂದರೆಯೋ ಡಿಸ್ಕ್ ತೊಂದರೆಯೋ ಬರೀ ಮಾಂಸಖಂಡದ್ದೋ? ಕೀಲು ಬೆಸೆದಿದೆಯಾ? ಸೂಜಿ ವಾಶ್‌ನಿಂದ ಎಷ್ಟು ಸುಧಾರಣೆ ನಿರೀಕ್ಷೆ ಮಾಡಬಹುದು? ಒಂದು ಸಲ ಸಾಕಾ? ಮೂಳೆ ಬೆಸೆದಿದ್ರೆ, ಮುರಿದ ಮೂಳೆ ಜಾಗ ಬಿಟ್ಟು ಹೋಗಿ ಹಲ್ಲು ಕೂರದೇ ಇದ್ರೆ ಅವರು ಆಪರೇಷನ್ ಅಂತಾನೇ ಹೇಳ್ತಾರೆ, ಅಂಥ ಕಡೆ ಸೂಜಿಯಲ್ಲೇ ಮುಗಿಸಿಕೊಡಿ ಅಂತ ಹಠ ಮಾಡಬೇಡಿ. ಬರೀ ಡಿಸ್ಕ್ ಅಂಟಿದೆ ಅಂತ ಹೇಳಿ ನೇರ ಕುಯ್ಯೋ ಮಾತಿಗೆ ಬಂದ್ರೆ ಮಾತ್ರ, ವಾಶ್ ಮೊದಲು ಮಾಡಿ ನೋಡಬಹುದಾ ಅಂತ ಕೇಳಿ, ಬೇಕಿದ್ರೆ ಇನ್ನೊಬ್ಬ ಸರ್ಜನ್‌ಗೂ ತೋರಿಸಿ. ವಾಶ್ ಆದವರು ಡಾಕ್ಟರ್ ಹೇಳಿದ ತಾರೀಖಿಗೆ ತಪ್ಪದೇ ಅಳತೆಗೆ ಬನ್ನಿ, ಮಕ್ಕಳನ್ನಂತೂ ಬಾಯಿ ಚೆನ್ನಾಗಿ ತೆರೀತಿದ್ರೂ ಬೆಳೆಯೋ ವಯಸ್ಸು ಮುಗಿಯೋವರೆಗೆ ಆಗಾಗ ಕರ್ಕೊಂಡು ಬನ್ನಿ, ಗದ್ದ ಒಂದು ಕಡೆ ವಾಲ್ತಿದೆಯಾ ಅಂತ ನೋಡಬೇಕು.